ವಾರಿಜಕ್ಕನ ನೆರಳಿನ ಅಂಚು

ಬೆಳಗಿನ ಬಿಸಿಲು ಇನ್ನೂ ಓರೆಯಾಗಿದ್ದಾಗಲೇ ನಾನು ಜಗಲಿಯ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅಕ್ಕನ ನೆರಳಿನ ಅಂಚಿಗೆ ನೀರು ಚಿಮುಕಿಸಿದೆ. ಒಣಗಿದ್ದರೆ ಸೂಜಿ ತಾಗಿದ ಕಡೆಯೆಲ್ಲ ಬಿರಿಯುತ್ತದೆ. ಅಕ್ಕ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದಳು. ನಿಂತಲ್ಲೇ ತೂಕಡಿಸುತ್ತಿದ್ದಳು, ವಿಮಾನದಲ್ಲಿ ಕೆಲಸ ಮಾಡಿ ಅವಳಿಗೆ ಅದು ರೂಢಿಯಾಗಿತ್ತು. ನೆರಳು ಅವಳ ಕಾಲಿನಿಂದ ಹೊರಟು ಸೊಂಟದವರೆಗೆ ಬಂದು ಅಲ್ಲಿಗೇ ನಿಂತುಹೋಗಿತ್ತು. ಅಂಚು ಗರಗಸದ ಬಾಯಿಯ ಹಾಗೆ ಹಲ್ಲುಹಲ್ಲಾಗಿತ್ತು. ಅಮ್ಮ ಮೊಸರಿನ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬಾಗಿಲಲ್ಲಿ ನಿಂತು, ಇಲ್ಲಿ ಮಡಿಸು, ಅಲ್ಲಿ ಮಡಿಸು ಎಂದು ಕಣ್ಣಿನಲ್ಲೇ ತೋರಿಸಿದಳು. ಒಂದೊಂದು ಹಲ್ಲನ್ನೂ ಒಳಗೆ ಮಡಿಸಿ, ಮಸಿ ಉಜ್ಜಿದ ದಾರದಲ್ಲಿ ನನಗೆ ಬರುವ ಎಲ್ಲಕ್ಕಿಂತ ಸಣ್ಣ ಹೊಲಿಗೆ ಹಾಕಿದೆ. ಮುಗಿದ ಮೇಲೆ ಅಮ್ಮ ಬಗ್ಗಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ನುಣುಪಾಗಿದೆ ಎಂದು ಖಾತ್ರಿ ಮಾಡಿಕೊಂಡು ಸಂತೆಬೀದಿಗೆ ಹೊರಟಳು. ತನ್ನ ಮಗಳನ್ನು ಯಾರೋ ಹರಿದು ಕಳಿಸಿದ್ದಾರೆ ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ, ಅದಕ್ಕೆ.

ನಮ್ಮ ಊರಿನಲ್ಲಿ ಮರ ಹಿಡಿಯುವುದಿಲ್ಲ. ನೆಲವೆಲ್ಲ ಒಂದೇ ಬಿಳಿ ಬಂಡೆ. ಮಧ್ಯಾಹ್ನ ಆ ಬಂಡೆಯ ಮೇಲೆ ಬರಿಗಾಲಿಟ್ಟ ನಾಯಿ ಕೂಡ ಕುಣಿಯುತ್ತದೆ. ಹಾಗಾಗಿ ದುಡಿಯುವವರೆಲ್ಲ ವರ್ಷಕ್ಕೊಮ್ಮೆ ಕಚೇರಿಯ ಅಂಗಳದಲ್ಲಿ ಇಳಿಬಿಸಿಲಿಗೆ ಬೆನ್ನು ಮಾಡಿ ನಿಂತು ತಮ್ಮ ದುಡಿಮೆಗೆ ತಕ್ಕಷ್ಟು ನೆರಳು ಕೊಡುತ್ತಾರೆ. ತಲೆಯ ಕಡೆಯಿಂದ ಕತ್ತರಿಸುತ್ತಾರೆ. ಕಾಲಿನ ಕಡೆ ಉಳಿದದ್ದು ದಂಟಿನ ಸೊಪ್ಪಿನ ಹಾಗೆ ಮತ್ತೆ ಚಿಗುರಿ ಮುಂದಿನ ವರ್ಷಕ್ಕೆ ತಲೆ ಮುಟ್ಟುತ್ತದೆ. ಮೊಸರು ಮಾರುವ ಅಮ್ಮನಿಗೆ ತುರುಬಿನಷ್ಟು ಹೋಗುತ್ತದೆ. ಡಾಕ್ಟರಿಗೆ ಹೆಗಲವರೆಗೆ. ಆ ತುಂಡುಗಳನ್ನೆಲ್ಲ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ನಾವು ಹೊಲಿದು ಜೋಡಿಸುತ್ತೇವೆ. ಸಂತೆಬೀದಿ, ಶಾಲೆಯ ಬಯಲು, ಆಸ್ಪತ್ರೆಯ ಅಂಗಳ, ಬಸ್ಸು ನಿಲ್ಲುವ ಜಾಗ, ಎಲ್ಲದರ ಮೇಲೂ ಕಟ್ಟುತ್ತಾರೆ. ಮಕ್ಕಳು, ಮುದುಕರು, ದುಡಿಯಲಾಗದವರು ಅದರಡಿ ಧಾರಾಳವಾಗಿ ಕೂರಬಹುದು. ದುಡಿದೂ ಕೊಡದವರು ಕೂರುವಂತಿಲ್ಲ. ಹೊರಗಿನಿಂದ ಬಂದವರು ಕೊಡೆ ಹಿಡಿದುಕೊಂಡು ಓಡಾಡುತ್ತಾರೆ. ನಮ್ಮಲ್ಲಿ ಕೊಡೆ ಕಂಡರೆ ಪರವೂರಿನವರು ಎಂದೇ ಅರ್ಥ. ನಮ್ಮವರು ಯಾರೂ ಅದನ್ನು ಮುಟ್ಟುವುದಿಲ್ಲ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಮೇಷ್ಟರು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಮಾತು ಬೇಕಾಗಿಲ್ಲ. ಅಲ್ಲಿನ ಹಿರಿಯಳು ಹಸೀನಮ್ಮ ನನ್ನನ್ನು ನೋಡಿದಾಗಲೆಲ್ಲ, "ಸಣ್ಣಿ, ನಿನ್ನ ಬಾಯಿಗೆ ಹೊಲಿಗೆ ಹಾಕಿದ್ದು ಯಾರು ಅಂತ ನಿಮ್ಮಮ್ಮ ನನ್ನ ಕೇಳ್ತಾಳೆ, ನಾನಲ್ಲ ಅಂತ ಹೇಳಮ್ಮ" ಎನ್ನುತ್ತಾಳೆ. ನಾನು ನಕ್ಕು ಸುಮ್ಮನಾಗುತ್ತೇನೆ. ಮಾತಾಡದಿದ್ದರೆ ಕಣ್ಣಿಗೆ ಹೆಚ್ಚು ಕೆಲಸ. ಯಾರ ನೆರಳು ಎಷ್ಟು ಚಿಗುರಿದೆ, ಯಾರದು ಮಂಕಾಗಿದೆ, ಯಾರು ಹೊಸ ಚಪ್ಪಲಿ ಕೊಂಡಿದ್ದಾರೆ, ಎಲ್ಲ ಕಾಣುತ್ತಿರುತ್ತದೆ.

ವಾರಿಜಕ್ಕ ಹಾಗಲ್ಲ. ಅವಳಿಗೆ ಮಾತೇ ಬಂಡವಾಳ. ಸಮುದ್ರದಾಚೆಯ ಮರಳುನಾಡಿನ ವಿಮಾನ ಕಂಪನಿಯಲ್ಲಿ ಅವಳಿಗೆ ಕೆಲಸ. ವರ್ಷದಲ್ಲಿ ಹೆಚ್ಚು ದಿನ ಅಲ್ಲೇ ಕಂಪನಿ ಕೊಟ್ಟ ಕೋಣೆಯಲ್ಲಿ ಮಲಗುತ್ತಾಳೆ, ಇಲ್ಲವೇ ಆಕಾಶದಲ್ಲಿರುತ್ತಾಳೆ. ಆ ನಾಡಿಗೂ ನೆರಳು ಬೇಕು. ಅವರು ಹಲ್ಲಿರುವ ಕತ್ತರಿಯಲ್ಲಿ ಕತ್ತರಿಸುತ್ತಾರಂತೆ. "ಮೇಲೆ ಹೋದಾಗ ನಿನ್ನ ನೆರಳು ಎಲ್ಲಿರುತ್ತೆ ಅಕ್ಕ?" ಎಂದು ಒಮ್ಮೆ ನಾನು ಕೇಳಿದ್ದೆ. "ವಿಮಾನದ ನೆರಳಿನೊಳಗೆ ಎಲ್ಲರದೂ ಸೇರಿಹೋಗಿರುತ್ತೆ ಕಣೆ. ಅದು ಯಾರ ಹೊಲದ ಮೇಲೆ ಓಡ್ತಿದೆ ಅಂತ ಬಗ್ಗಿ ನೋಡೋಣ ಅಂದ್ರೆ, ಅಷ್ಟರಲ್ಲಿ ಯಾರೋ ಟೀ ಕೇಳ್ತಾರೆ" ಎಂದಿದ್ದಳು.

ಆ ದಿನ ಮಧ್ಯಾಹ್ನ ನಾನು ಅಮ್ಮನಿಗೆ ಊಟ ತೆಗೆದುಕೊಂಡು ಸಂತೆಬೀದಿಗೆ ಹೋದಾಗ ನೆರಳಿನ ಕಚೇರಿಯ ಶಿರಸ್ತೇದಾರ್ ಮಾದಪ್ಪನವರು ಅವಳ ಗಡಿಗೆಗಳ ಮುಂದೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಯಾಕೋ ಹುಳಿ ಕಣಮ್ಮ ದೇವೀರಮ್ಮ."

"ಮೇಲೆ ನೋಡಿ ಸ್ವಾಮಿ, ನಿಮ್ಮ ನೆರಳು ತೂತು ಬಿದ್ದಿದೆ. ತೂತಿನ ಕೆಳಗಿನ ಗಡಿಗೆ ಹುಳಿ ಬಂತು. ತೂತು ನಿಮ್ಮದಾದ ಮೇಲೆ ಆ ಮಜ್ಜಿಗೆನೂ ನಿಮ್ಮದೇ."

ಮಾದಪ್ಪನವರು ನಕ್ಕರು. ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ದೊಡ್ಡ ಮಗಳು ಬಂದಿದ್ದಾಳಂತೆ?"

"ಬಂದಿದ್ದಾಳೆ. ಯಾಕೆ, ಸಂಬಂಧ ಏನಾದ್ರೂ ತಂದ್ರಾ?"

"ತಂದಿದ್ದೀನಿ. ಸರ್ಕಾರದ ಸಂಬಂಧ."

ಅಮ್ಮನ ಕೈಯಲ್ಲಿದ್ದ ಸೌಟು ಗಡಿಗೆಯೊಳಗೇ ನಿಂತಿತು. ಮಾದಪ್ಪನವರು ದನಿ ತಗ್ಗಿಸಿದರು. ಈ ವರ್ಷದಿಂದ ವಿಮಾನದಲ್ಲಿ ದುಡಿಯುವವರೂ ಕೊಡಬೇಕು. ಆಕಾಶದಲ್ಲಿ ದುಡಿದದ್ದು ಯಾವ ಊರಿಗೂ ಸೇರುವುದಿಲ್ಲ ಎಂದು ಇಷ್ಟು ಕಾಲ ಬಿಟ್ಟಿದ್ದರು. ಈಗ ಹಾಗಿಲ್ಲ. ಮನೆಯಲ್ಲಿ ಅವರ ಚೊಂಬು ತುಂಬುತ್ತಿದ್ದರೆ ಅವರು ಊರಿನವರೇ. ಎಲ್ಲಿ ದುಡಿದರೂ ಅದು ಊರಿನ ದುಡಿಮೆಯೇ.

"ಅಲ್ಲೂ ಕೊಟ್ಟು ಬಂದಿದ್ದಾಳಲ್ಲ ಸ್ವಾಮಿ," ಎಂದಳು ಅಮ್ಮ.

"ಎಲ್ಲರೂ ಹಾಗೇ ಅಂತಾರೆ ತಾಯಿ. ನಾಳೆ ಸಂಜೆ ಕರ್ಕೊಂಡು ಬಾ, ನೋಡೋಣ. ಆಸ್ಪತ್ರೆ ಅಂಗಳದಲ್ಲೂ ತೂತು ಬಿದ್ದಿದೆ, ರೋಗಿಗಳು ಹಾಸಿಗೆ ಎಳ್ಕೊಂಡು ಬಿಸಿಲಿಂದ ಓಡ್ತಿದ್ದಾರೆ. ನನಗೂ ಬೇರೆ ದಾರಿ ಇಲ್ಲ." ಅವರ ನೆರಳು ಕುತ್ತಿಗೆಯವರೆಗೆ ಹೋಗಿತ್ತು. ಪ್ರತಿ ವರ್ಷ ಮೊದಲು ಅವರೇ ಕೊಡುತ್ತಾರೆ. ಹಾಗಾಗಿ ಅವರನ್ನು ಬೈಯಲು ಅಮ್ಮನಿಗೂ ಬಾಯಿ ಬರಲಿಲ್ಲ.

ಚೊಂಬಿನ ವಿಷಯ ಹೇಳಬೇಕು. ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ತಲೆಗೊಂದರಂತೆ ಚೊಂಬು ಇರುತ್ತದೆ. ಬೆಳಗಾಗುತ್ತಲೇ ಎಲ್ಲದಕ್ಕೂ ನೀರು ತುಂಬುತ್ತಾರೆ. ಹೊರಗೆ ಹೋದವರು ಬಂದ ತಕ್ಷಣ ತಮ್ಮ ಚೊಂಬಿನಿಂದ ಕುಡಿಯುತ್ತಾರೆ. ಮದುವೆಯಾದವಳ ಚೊಂಬು ಅವಳ ಜೊತೆಗೇ ಗಂಡನ ಮನೆಗೆ ಹೋಗುತ್ತದೆ. ಇನ್ನು ಬರುವುದೇ ಇಲ್ಲ ಎನ್ನುವವರದನ್ನು ಮಗುಚಿಡುತ್ತಾರೆ. ನಮ್ಮ ಗೂಡಿನಲ್ಲಿ ಅಪ್ಪನದು ಮಗುಚಿದೆ. ಅದರ ಪಕ್ಕದಲ್ಲೇ ವಾರಿಜಕ್ಕನದು. ಅವಳು ಯಾವ ದೇಶದ ಮೇಲಿದ್ದಾಳೋ ಗೊತ್ತಿಲ್ಲದ ದಿನವೂ ಅಮ್ಮ ಅದನ್ನು ತುಂಬುವುದು ತಪ್ಪಿಸಿದವಳಲ್ಲ. ಸಂಜೆ ಆ ನೀರನ್ನು ಬೀದಿಯ ಕೋಳಿಗಳಿಗೆ ಹಾಕುತ್ತಾಳೆ.

ಸಂಜೆ ಅಕ್ಕ ವಿಷಯ ಕೇಳಿದವಳೇ ಗೋಡೆಗೆ ಒರಗಿ ಕೂತಳು. "ಅಮ್ಮ, ನನಗೆ ಉಳಿದಿರೋದು ಸೊಂಟದಿಂದ ಕೆಳಗೆ. ಇಲ್ಲೂ ಅಷ್ಟೇ ಕೇಳಿದರೆ ಹಿಮ್ಮಡಿವರೆಗೆ ಹೋಗುತ್ತೆ. ಬುಡದವರೆಗೆ ಹೋದದ್ದು ಮತ್ತೆ ಚಿಗುರಲ್ಲ."

ಅದು ನಮಗೆ ಗೊತ್ತಿತ್ತು. ಹಿಮ್ಮಡಿಯವರೆಗೆ ಕಳೆದುಕೊಂಡ ಒಬ್ಬ ಗಾರೆಯವನು ನಮ್ಮ ಬೀದಿಯಲ್ಲೇ ಇದ್ದ. ಬಿಸಿಲಿಗೆ ಬಂದರೆ ಅವನಿಗೆ ತಲೆ ತಿರುಗುತ್ತಿತ್ತು, ನೆಲ ಎಲ್ಲಿದೆ ಎಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಅಂಥವರನ್ನು ವಿಮಾನ ಹತ್ತಿಸುವುದಂತೂ ಇಲ್ಲವೇ ಇಲ್ಲ.

"ಹಾಗಾದ್ರೆ ಏನು ಮಾಡೋದು?" ಎಂದಳು ಅಮ್ಮ.

"ನನ್ನ ಚೊಂಬು ಮಗುಚಿಡು. ನಾನು ಹೊರಗಿನವಳು ಅಂತ ಬರ್ಕೋತಾರೆ. ಬಂದಾಗ ಕೊಡೆ ಹಿಡ್ಕೋತೀನಿ, ಅಷ್ಟೇ ತಾನೆ?"

"ಎಲ್ಲಿ ಮಗುಚಿಡ್ಲಿ? ನಿಮ್ಮಪ್ಪಂದರ ಪಕ್ಕದಲ್ಲಾ?"

"ಅದು ಬರೀ ಚೊಂಬಮ್ಮ!"

"ಬರೀ ಚೊಂಬಾಗಿದ್ರೆ ನೀನೇ ಹೋಗಿ ಮಗುಚು. ನನ್ನ ಯಾಕೆ ಕೇಳ್ತೀ?"

ಅಕ್ಕ ಏಳಲಿಲ್ಲ. ಅಮ್ಮನೇ ಮತ್ತೆ, "ಮರಳಿಗೆ ಕೊಟ್ಟ ನೆರಳಿಗಿಂತ ಮಣ್ಣು ಕೇಳಿದ ನೆರಳು ಹೆಚ್ಚಾಯ್ತು ನಿಂಗೆ. ಆ ಊರಲ್ಲಿ ನಿಂಗೆ ಯಾರು ನೀರು ತುಂಬಿಡ್ತಾರೆ?" ಎಂದಳು.

"ನಲ್ಲಿ ಇದೆ," ಎಂದಳು ಅಕ್ಕ.

ನನಗೆ ನಗು ಬಂತು. ತಡೆದುಕೊಂಡೆ. ಆಮೇಲೆ ಇಬ್ಬರ ಮುಖ ನೋಡಿದೆ. ನಗು ತಾನಾಗಿಯೇ ಹೋಯಿತು.

ಬೆಳಗ್ಗೆ ನಾನು ಬಾಗಿಲ ಹಿಂದೆ ಕಸಪೊರಕೆ ಹಿಡಿದು ನಿಂತಿದ್ದಾಗ ಅಮ್ಮ ಗೂಡಿನ ಮುಂದೆ ಬಂದಳು. ತನ್ನ ಚೊಂಬು ತುಂಬಿದಳು, ನನ್ನದು ತುಂಬಿದಳು. ಅಕ್ಕನದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಹಾಗೇ ನಿಂತಳು. ಸೆರಗಿನಿಂದ ಅದರ ಹೊಟ್ಟೆ ಒರೆಸಿದಳು. ಕುತ್ತಿಗೆ ಒರೆಸಿದಳು. ಆಮೇಲೆ ನಿಧಾನವಾಗಿ ಬಾಯಿ ಕೆಳಗೆ ಮಾಡಿ ಇಡಲು ಬಗ್ಗಿದಳು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ಕೈ ಬಂದು ಅಮ್ಮನ ಮುಂಗೈ ಹಿಡಿಯಿತು. ಅಕ್ಕ ಚೊಂಬನ್ನು ಕಸಿದುಕೊಂಡು ನೀರಿನ ಕೊಡದ ಹತ್ತಿರ ಹೋಗಿ ತಾನೇ ತುಂಬಿಸಿ ತಂದು ಗೂಡಿನಲ್ಲಿಟ್ಟಳು. ತುಂಬಿದ್ದು ಹೆಚ್ಚಾಗಿ ನೀರು ಅವಳ ಪಾದದ ಮೇಲೆಲ್ಲ ಚೆಲ್ಲಿತು.

"ಬುಡದವರೆಗೆ ಹೋದ್ರೆ ಹೋಗ್ಲಿ. ಮೊಸರು ಮಾರೋಕೆ ನೆರಳು ಬೇಕಾಗಿಲ್ಲ ಅಲ್ವಾ?" ಎಂದಳು. ಅಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಇಬ್ಬರೂ ಅತ್ತರು. ನಾನು ಕಸ ಗುಡಿಸಿದೆ.

ಸಂಜೆ ಕಚೇರಿಯ ಅಂಗಳದಲ್ಲಿ ಸಾಲು ಬೀದಿಯವರೆಗೆ ಬೆಳೆದಿತ್ತು. ಇಳಿಬಿಸಿಲಿನಲ್ಲಿ ಎಲ್ಲರ ನೆರಳುಗಳೂ ಉದ್ದಕ್ಕೆ ಬಿದ್ದು ಒಂದರ ಮೇಲೊಂದು ಹೊರಳುತ್ತಿದ್ದವು. ಅಕ್ಕನ ಸರದಿ ಬರುವಷ್ಟರಲ್ಲಿ ಸೂರ್ಯ ಕಚೇರಿಯ ಪಾಗಾರದ ಮೇಲೆ ಕೂತಿದ್ದ. ಮಾದಪ್ಪನವರು ಹೊಸ ಕಾನೂನಿನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಈ ಬಗೆಯವರು ಅವರ ಮುಂದೆ ಬಂದದ್ದು ಇದೇ ಮೊದಲು.

"ಚೊಂಬು?" ಎಂದು ಅಮ್ಮನನ್ನು ಕೇಳಿದರು.

"ತುಂಬಿದೆ," ಎಂದಳು ಅಕ್ಕ.

"ಮನೆ ಹಿರಿಯರು ಹೇಳಬೇಕಮ್ಮ."

"ಅವಳೇ ತುಂಬಿದ್ದು ಸ್ವಾಮಿ," ಎಂದಳು ಅಮ್ಮ.

ಮಾದಪ್ಪನವರು ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಓದುತ್ತ ಹೋದರು. ಅವರ ತುಟಿಗಳು ಆಡುವುದನ್ನೇ ನಾನು ನೋಡುತ್ತಿದ್ದೆ. ಒಂದು ಕಡೆ ನಿಂತವು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಮುಖ ಎತ್ತಿ, "ಇಲ್ಲೊಂದು ಮಾತಿದೆ. ಅದೇ ದುಡಿಮೆಗೆ ಬೇರೆ ನಾಡಿನವರು ಆಗಲೇ ನೆರಳು ತಗೊಂಡಿದ್ರೆ ಅಷ್ಟನ್ನ ನಮ್ಮ ಲೆಕ್ಕದಲ್ಲಿ ಬಿಡಬೇಕು. ಉಳಿದ ವ್ಯತ್ಯಾಸ ಮಾತ್ರ ಕೊಟ್ಟರೆ ಸಾಕು," ಎಂದರು.

ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸಾಲಿನಲ್ಲಿದ್ದವರು ಕೂಡ ಉಸಿರು ಬಿಟ್ಟರು.

"ಆದ್ರೆ ಅವರ ಕತ್ತರಿಯ ಗುರುತು ಅಂಚಿನಲ್ಲಿ ಕಾಣಬೇಕು." ಮಾದಪ್ಪನವರು ಎದ್ದು ಬಂದು ಅಕ್ಕನ ನೆರಳಿನ ಮುಂದೆ ಮೊಣಕಾಲೂರಿದರು. ಅಂಚಿನ ಮೇಲೆ ಕೈ ಆಡಿಸಿದರು. ಹುಬ್ಬು ಗಂಟಿಕ್ಕಿತು. "ಇದೇನಮ್ಮ, ಇದು ನಮ್ಮ ಶೆಡ್ಡಿನ ಹೊಲಿಗೆ. ನಮ್ಮ ಹೊಲಿಗೆ ಇರೋ ಕಡೆ ಪರದೇಶದ ಕತ್ತರಿ ಅಂತ ನಾನು ಹೇಗೆ ಬರೀಲಿ?"

ಅಮ್ಮ ಮುಂದೆ ಬಂದಳು. "ಅಯ್ಯೋ, ನಾನೇ ಹೇಳಿ ಹೊಲಿಸಿದ್ದು. ಹರಕಲು ಕಾಣುತ್ತೆ ಅಂತ..."

"ನೀನು ಹೇಳಿದ್ದನ್ನ ನಾನು ನಂಬಬಹುದು. ನಾಳೆ ಎಲ್ಲರೂ ಅಂಚು ಹೊಲಿಸಿಕೊಂಡು ಬಂದು ಪರದೇಶ ಅಂದ್ರೆ?"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಸಾಲಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಸೂರ್ಯ ಪಾಗಾರದ ಹಿಂದಕ್ಕೆ ಜಾರಲು ಶುರುಮಾಡಿದ್ದ. ಅವನು ಇಳಿದರೆ ಆ ದಿನದ ಲೆಕ್ಕ ಮುಗಿಯುತ್ತದೆ. ಅಕ್ಕನ ವಿಮಾನ ನಾಲ್ಕು ದಿನಕ್ಕಿತ್ತು, ಕಚೇರಿಗೆ ನಾಳೆಯಿಂದ ಮುಂದಿನ ವಾರದವರೆಗೆ ರಜೆ. ಇವತ್ತು ತೀರ್ಮಾನವಾಗದಿದ್ದರೆ ಪೂರಾ ಕತ್ತರಿಸಲೇಬೇಕಿತ್ತು. ಕತ್ತರಿಯವನು ಕತ್ತರಿಯನ್ನು ಕಲ್ಲಿಗೆ ಉಜ್ಜಿ ಕಾಯುತ್ತ ನಿಂತಿದ್ದ.

"ನಾನು ಹಾಕಿದ್ದು," ಎಂದೆ.

ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿದ್ದ ಅಕ್ಕನಿಗೆ ಮಾತ್ರ ಕೇಳಿತು. ಅವಳು ನನ್ನ ಕಡೆ ತಿರುಗಿದಳು.

"ಹೊಲಿಗೆ ನಾನು ಹಾಕಿದ್ದು. ಹಲ್ಲು ಒಳಗೇ ಇದೆ. ಕತ್ತರಿಸಿಲ್ಲ, ಮಡಿಸಿದ್ದೀನಿ. ಬಿಚ್ತೀನಿ." ಈ ಸಲ ಕೇಳಿತು. ಇಡೀ ಅಂಗಳ ನನ್ನನ್ನು ನೋಡಿತು. ಆರನೇ ಕ್ಲಾಸಿನಲ್ಲಿ ನಿಂತಂತೆಯೇ ನಿಂತಿದ್ದೆ.

"ಬಿಚ್ಚೋಕಾಗುತ್ತಾ? ಜೀವದ ನೆರಳು ಅದು. ಹರಿದು ಹಿಮ್ಮಡಿವರೆಗೆ ಓಡಿದ್ರೆ?" ಎಂದರು ಮಾದಪ್ಪನವರು.

ಅದು ನಿಜ. ಶೆಡ್ಡಿನಲ್ಲಿ ನಾವು ಹೊಲಿಯುವುದು ಕತ್ತರಿಸಿದ ತುಂಡುಗಳನ್ನು. ಮನುಷ್ಯನಿಗೆ ಅಂಟಿಕೊಂಡಿರುವ ನೆರಳಿನ ಹೊಲಿಗೆಯನ್ನು ನಾನು ಯಾವತ್ತೂ ಬಿಚ್ಚಿರಲಿಲ್ಲ. ಆದರೂ ಕೂತು ಸೊಂಟದಿಂದ ಸೂಜಿ ತೆಗೆದೆ. ಉಸಿರು ಬಿಗಿಹಿಡಿದು ಮೊದಲ ಹೊಲಿಗೆ ಹುಡುಕಿದೆ. ಶೆಡ್ಡಿನ ಬಾಗಿಲಿಂದ ಹಸೀನಮ್ಮ ನೀರಿನ ಬೋಗುಣಿ ಹಿಡಿದು ಮಂಡಿನೋವಿಗೆ ಕುಂಟುತ್ತ ಬಂದು ನನ್ನ ಪಕ್ಕ ಧೊಪ್ಪನೆ ಕೂತಳು. ಅಂಚಿಗೆ ನೀರು ಚಿಮುಕಿಸುತ್ತ, "ಉಸಿರು ಹಿಡೀಬೇಡ, ಬಿಡು. ಹಾಕಿದ ಕೈಗೆ ತೆಗೆಯೋ ದಾರಿ ಗೊತ್ತಿರುತ್ತೆ," ಎಂದಳು. ಆಮೇಲೆ ತಲೆಯೆತ್ತಿ ಸಾಲಿಗೆ, "ನೀವೆಲ್ಲ ಬೆಳಕಿಗೆ ಅಡ್ಡ ನಿಂತು ತಮಾಷೆ ನೋಡಿದ್ರೆ ನಾಳೆ ನಿಮ್ಮ ತುಂಡೆಲ್ಲ ಕಕ್ಕಸಿನ ಮೇಲೆ ಹೊಲಿದು ಹಾಕ್ತೀನಿ," ಎಂದಳು. ಸಾಲು ಸರ್ರನೆ ಎರಡಾಗಿ ಬಿಸಿಲಿಗೆ ದಾರಿ ಬಿಟ್ಟಿತು.

ಮೊದಲ ದಾರ ಸಲೀಸಾಗಿ ಬಂತು. ಎರಡನೆಯದಕ್ಕೆ ಅಕ್ಕ "ಹಾ" ಎಂದಳು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ನಾನು ನಿಲ್ಲಿಸಿದೆ. ಅವಳು ಕಾಲು ಅಲುಗಿಸದೆ, "ಮುಂದುವರ್ಸು ಸಣ್ಣಿ. ಗಾಳಿಗೆ ವಿಮಾನ ಕುಲುಕಿದಾಗ ನಾನು ಬಿಸಿ ಟೀ ಹಿಡ್ಕೊಂಡು ನಿಂತಿರ್ತೀನಿ. ಇದೇನು ಮಹಾ," ಎಂದಳು. ಅವಳೂ ಹೆದರಿದ್ದಾಳೆ ಎಂದು ದನಿಯಿಂದಲೇ ಗೊತ್ತಾದ ಮೇಲೆ ನನ್ನ ಕೈಗೆ ಹಿಡಿತ ಬಂತು. ಯಾಕೋ ಗೊತ್ತಿಲ್ಲ. ಒಂದೊಂದೇ ಹೊಲಿಗೆ ಎತ್ತಿ, ದಾರವನ್ನು ಹಲ್ಲಲ್ಲಿ ಕಡಿದು, ಎಳೆಯದೆ ಹಿಂದಕ್ಕೆ ಜಾರಿಸಿದೆ. ಒಳಗೆ ಮಡಚಿಕೊಂಡಿದ್ದ ಹಲ್ಲುಗಳು ಒಂದರ ಹಿಂದೊಂದು ಅರಳಿ ಹೊರಗೆ ಬಂದವು. ಕೊನೆಯದು ಬಿಚ್ಚಿಕೊಂಡಾಗ ಬಿಸಿಲು ಪಾಗಾರದ ಮೇಲೆ ಒಂದು ಗೆರೆಯಷ್ಟೇ ಉಳಿದಿತ್ತು.

ಮಾದಪ್ಪನವರು ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಇದು ನಮ್ಮ ಕತ್ತರಿಯಲ್ಲ," ಎಂದರು. ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು, "ಅವರು ಸೊಂಟದವರೆಗೆ ತಗೊಂಡಿದ್ದಾರೆ. ನಮ್ಮ ಲೆಕ್ಕ ಸೊಂಟಕ್ಕಿಂತ ಒಂದು ಅಂಗೈ ಕೆಳಗೆ. ಅಂಗೈ ಅಗಲ ತಗೊಳಪ್ಪ, ಸಾಕು," ಎಂದು ಕತ್ತರಿಯವನಿಗೆ ಹೇಳಿದರು.

ಕರ್ ಎಂದು ಒಂದೇ ಸದ್ದು. ಅಕ್ಕ ಕಣ್ಣು ಮುಚ್ಚಿ ತೆರೆದು ಕೆಳಗೆ ನೋಡಿಕೊಂಡಳು. ತೊಡೆಯಿಂದ ಕೆಳಗೆ ಅವಳ ನೆರಳು ಗಟ್ಟಿಯಾಗಿ, ಕಪ್ಪಾಗಿ ಕಲ್ಲಿನ ಮೇಲೆ ನಿಂತಿತ್ತು. ಒಂದು ಹೆಜ್ಜೆ ಇಟ್ಟಳು. ಅದೂ ಇಟ್ಟಿತು. ಅಮ್ಮ ಸಾಲಿನಲ್ಲಿದ್ದವರನ್ನೆಲ್ಲ ನಾಳೆ ಮಜ್ಜಿಗೆಗೆ ಕರೆದಳು, ಜುಟ್ಟಿನ ಗಾದೆ ಹೇಳಿದವನನ್ನು ಬಿಟ್ಟು. "ನಿಂಗೆ ತೂತಿನ ಕೆಳಗಿನದು," ಎಂದಳು.

ಅಕ್ಕನ ತುಂಡನ್ನು ಹಸೀನಮ್ಮ ನನಗೇ ಕೊಟ್ಟಳು. ಒಂದು ಅಂಚು ಹಲ್ಲು, ಒಂದು ಅಂಚು ನೇರ. ಅಂಥದ್ದು ಶೆಡ್ಡಿಗೆ ಹಿಂದೆಂದೂ ಬಂದಿರಲಿಲ್ಲ. ಹಲ್ಲಿನ ಕಡೆಯನ್ನು ಸವರಬೇಡ ಎಂದು ಹೇಳಿ ಅವಳು ತನ್ನ ಕೆಲಸಕ್ಕೆ ತಿರುಗಿದಳು. ಎರಡು ದಿನ ಹೊಲಿದೆವು. ಆಸ್ಪತ್ರೆಯ ಅಂಗಳಕ್ಕೆ ದೊಡ್ಡ ತುಂಡುಗಳು ಹೋದವು. ಇದು ಪುಟ್ಟದಾದ್ದರಿಂದ ಸಂತೆಬೀದಿಗೆ ಬಂತು, ಮೊಸರಿನ ಸಾಲಿನ ಕೊನೆಗೆ.

ಅಕ್ಕ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಅಮ್ಮನನ್ನು ನೋಡಲು ಹೋದೆವು. ಇಷ್ಟು ವರ್ಷ ಅಕ್ಕ ರಜೆಗೆ ಬಂದಾಗಲೆಲ್ಲ ಬೆಳಗ್ಗೆ ಬೇಗ ಬಂದು ಬಿಸಿಲೇರುವ ಮೊದಲೇ ಮನೆ ಸೇರಿಕೊಳ್ಳುತ್ತಿದ್ದಳು. ಕೊಡದವಳು ಯಾವ ಮುಖ ಇಟ್ಟುಕೊಂಡು ನೆರಳಿನಡಿ ಕೂರುವುದು ಎಂದು ಅವಳೇ ನನಗೆ ಒಮ್ಮೆ ಹೇಳಿದ್ದಳು. ಈಗ ನಡುಮಧ್ಯಾಹ್ನದಲ್ಲಿ ತಲೆಗೆ ಸೆರಗನ್ನೂ ಹೊದೆಯದೆ ಬಂದಳು. ಸಂತೆಬೀದಿ ತುಂಬಿಹೋಗಿತ್ತು. ಬಳೆಯವರು, ಗಾರೆಯವರು, ಶಾಲೆಯ ಮೇಷ್ಟರು, ಬಸ್ಸಿನ ಕಂಡಕ್ಟರು, ಎಲ್ಲರೂ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ಊಟವಾದ ಮೇಲಿನ ನಿದ್ದೆಯಲ್ಲಿದ್ದರು. ಅಮ್ಮನೂ ಗಡಿಗೆಗೆ ಒರಗಿ ಬಾಯಿ ತೆರೆದುಕೊಂಡು ಮಲಗಿದ್ದಳು. ಒಂದು ಕಾಲಿಡಲೂ ಜಾಗವಿಲ್ಲ. ಅಕ್ಕ ನೆರಳಿನ ಅಂಚಿನಲ್ಲಿ ಕಾಲಿನ ಬೆರಳುಗಳನ್ನಷ್ಟೇ ಒಳಗಿಟ್ಟು ನಿಂತಳು. ಹಿಮ್ಮಡಿ ಬಿಸಿಲಿನಲ್ಲಿ ಸುಡುತ್ತಿತ್ತು. ವಿಮಾನದಲ್ಲಿ ಯಾರನ್ನು ಬೇಕಾದರೂ ನಗುನಗುತ್ತ ಎಬ್ಬಿಸುವವಳು, ಇಲ್ಲಿ ನನ್ನ ಮುಖ ನೋಡಿದಳು.

ನಾನು ಗಂಟಲು ಸರಿಮಾಡಿಕೊಂಡೆ.

"ಒಂಚೂರು ಸರೀರಿ," ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. "ನಮ್ಮಕ್ಕ ಕೂತ್ಕೋಬೇಕು."

ಕಣ್ಣು ತೆರೆಯದೆಯೇ ಒಬ್ಬರ ಹಿಂದೊಬ್ಬರು ಸರಿದು, ಅಮ್ಮನ ಪಕ್ಕದಲ್ಲಿ ಅಕ್ಕ ಕೂರುವಷ್ಟು ಜಾಗ ಬಿಟ್ಟರು.